ಮುಚ್ಚಳ ತೆಗೆಯಬಾರದ ಮೂರು ದಿನ

ಮೊನ್ನೆ ಸಾರಿನ ಪಾತ್ರೆಯ ಮುಚ್ಚಳ ಎತ್ತಿ ಇಣುಕಿದಾಗ ಹಬೆ ಕನ್ನಡಕಕ್ಕೆ ಹೊಡೆದು ಕ್ಷಣಕಾಲ ಏನೂ ಕಾಣದೆ ನಿಂತೆ. ಹೆಂಡತಿ ಸರಳಾ ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ, ಐವತ್ತೆರಡಾಯಿತು, ಈ ಚಟ ಯಾವಾಗ ಬಿಡುತ್ತೀರಿ ಎಂದು ಕೇಳಿದಳು. ನನಗಿರುವುದು ಇದೊಂದೇ ಚಟ. ಬೀಡಿ ಸೇದಿದವನಲ್ಲ, ಇಸ್ಪೀಟಿನಲ್ಲಿ ರಾಜ ಯಾರು ಗುಲಾಮ ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಮುಚ್ಚಿಟ್ಟದ್ದು ಕಂಡರೆ ಮಾತ್ರ ಕೈ ನನ್ನ ಮಾತು ಕೇಳುವುದಿಲ್ಲ. ನೆಂಟರ ಮನೆಯ ಡಬ್ಬ, ಮದುವೆಮನೆಯ ಹಂಡೆ, ಹುಳಿ ಬರಲು ಇಟ್ಟ ದೋಸೆ ಹಿಟ್ಟು, ಹೆಪ್ಪು ಹಾಕಿದ ಮೊಸರು, ಯಾವುದನ್ನೂ ಬಿಟ್ಟವನಲ್ಲ. ದೇವರು ಕೊಟ್ಟ ಕೆಲಸವೂ ಅದಕ್ಕೆ ತಕ್ಕದ್ದೇ. ಮಾಲೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಬಂದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ನೋಡಿ ಬರೆದುಕೊಳ್ಳುವುದು, ಅದಕ್ಕೆ ಸಂಬಳ ಬೇರೆ.

ಇಂಥ ನಾನು ಹೋದ ವರ್ಷ ಒಂದು ಮುಚ್ಚಳವನ್ನು ಮುಟ್ಟದೆ ಕಳೆದೆ. ಹುಟ್ಟಿದ ಮೇಲೆ ಮೊದಲ ಸಲ ಹೇಳಿದ ಮಾತು ಕೇಳಿದ್ದೆ, ಅದೇ ತಪ್ಪಾಯಿತು. ನಿಮಗೂ ಹೇಳಿಬಿಡುತ್ತೇನೆ, ಹಗುರವಾಗುತ್ತದೇನೋ ನೋಡೋಣ.

ಈ ಚಟಕ್ಕೆ ಮೊದಲ ಏಟು ತಿಂದದ್ದು ಆರೋ ಏಳೋ ವಯಸ್ಸಿನಲ್ಲಿ. ಶ್ರೀನಿವಾಸಪುರದಿಂದ ಆಂಧ್ರದ ಗಡಿಯ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಯ ಮೂಲೆಯಲ್ಲಿ ಬಿದಿರ ಮಂಕರಿ, ಅದರೊಳಗೆ ರಾಗಿ ಹುಲ್ಲು, ಹುಲ್ಲಿನ ಮೇಲೆ ಕಾವಿಗೆ ಕೂತ ಕೋಳಿ, ಮೇಲೊಂದು ಗೋಣಿಚೀಲ. ನಾನು ಗೋಣಿ ಎತ್ತಿ ಎತ್ತಿ ನೋಡಿ ಒಂಬತ್ತನೆಯ ದಿನ ಆ ಕೋಳಿ ಬೇಸತ್ತು ಎದ್ದು ಪಕ್ಕದವರ ಹಿತ್ತಿಲಿಗೆ ಹೊರಟುಹೋಯಿತು, ಮತ್ತೆ ಕೂರಲಿಲ್ಲ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಲಕ್ಷ್ಮಕ್ಕ ಹಿಪ್ಪುನೇರಳೆ ಕಡ್ಡಿ ತೆಗೆದುಕೊಂಡು ಕಾಲ ಮೇಲೆ ನಾಲ್ಕು ಬಾರಿಸಿದಳು. ಸಾಯಂಕಾಲ ಅದೇ ಅಕ್ಕ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಾಸುಂಡೆಗೆ ಎಣ್ಣೆ ಹಚ್ಚುತ್ತ, ಕಾವಿಗೆ ಕೂತ ಜೀವವನ್ನು ಎಬ್ಬಿಸಿದರೆ ಪಾಪ ತಟ್ಟುತ್ತದೆ ಎಂದು ಅತ್ತಳು. ಅಮ್ಮ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಹೊಡೆಯುವ ಹಕ್ಕೂ ಅಳುವ ಹಕ್ಕೂ ಅವಳದೇ ಆಗಿತ್ತು.

ಅಕ್ಕನನ್ನು ಅದೇ ಊರಿನಲ್ಲೇ ಕೊಟ್ಟರು. ಭಾವನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಆಗ ಈಗಿನ ಹಾಗೆ ಮರಿ ಹುಳುವನ್ನೇ ತಂದುಕೊಡುವವರು ಇರಲಿಲ್ಲ, ಗಸಗಸೆಯಂಥ ಮೊಟ್ಟೆ ಅಂಟಿದ ಹಾಳೆ ತಂದು ಮನೆಯಲ್ಲೇ ಮರಿ ಮಾಡಿಸಬೇಕಿತ್ತು. ಅದರಲ್ಲೊಂದು ಗುಟ್ಟಿದೆ. ಒಡೆಯುವುದಕ್ಕೆ ಎರಡು ದಿನ ಮುಂಚೆ ಪ್ರತಿ ಮೊಟ್ಟೆಯಲ್ಲೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಆಗ ಹಾಳೆಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿ ಇಡಬೇಕು. ಕತ್ತಲಲ್ಲಿ ಮುಂದಾದವು ಹಿಂದಾದವಕ್ಕಾಗಿ ಕಾಯುತ್ತವೆ. ಮೂರನೆಯ ದಿನ ಬೆಳಿಗ್ಗೆ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದರೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಒಟ್ಟಿಗೆ ಎದ್ದ ಹುಳು ಒಟ್ಟಿಗೆ ತಿಂದು ಒಟ್ಟಿಗೆ ಗೂಡು ಕಟ್ಟುತ್ತದೆ. ಇದನ್ನು ನಮ್ಮ ಕಡೆ ಕತ್ತಲೆ ಕಟ್ಟುವುದು ಎನ್ನುತ್ತಿದ್ದರು. ಅಕ್ಕ ಕತ್ತಲೆ ಕಟ್ಟಿದ ಹಾಳೆಯಲ್ಲಿ ಒಂದು ಮೊಟ್ಟೆಯೂ ಒಡೆಯದೆ ಉಳಿಯುತ್ತಿರಲಿಲ್ಲ. ಊರಿನ ಅರ್ಧ ಮನೆಯವರು ತಮ್ಮ ಹಾಳೆಗಳನ್ನು ತಂದು, ಲಕ್ಷ್ಮಕ್ಕನ ಕೈಗುಣ ಎಂದು ಅವಳ ಬಳಿ ಬಿಟ್ಟುಹೋಗುತ್ತಿದ್ದರು. ಭಾವ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆ ಮನೆಯಲ್ಲಿ ಅವಳನ್ನು ನಿಲ್ಲಿಸಿದ್ದು ಆ ಹೆಸರೇ.

ಆ ಹುಳುಮನೆಯೇ ಅವಳ ಎದೆಗೆ ಮುಳುವಾಯಿತು. ಹುಳುವಿನ ಪ್ರತಿ ಬೆಳೆಗೂ ಎರಚುವ ಬ್ಲೀಚಿಂಗ್ ಪೌಡರು, ಸುಣ್ಣದ ಧೂಳು, ಮುಚ್ಚಿದ ಕಿಟಕಿ. ಮೂವತ್ತು ವರ್ಷ ಅದನ್ನೇ ಉಸಿರಾಡಿದವಳಿಗೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಸಿಳ್ಳೆ ಹಾಕುತ್ತದೆ. ಕೋಲಾರದ ಡಾಕ್ಟರು ನನ್ನನ್ನು ಒಬ್ಬನೇ ಒಳಗೆ ಕರೆದು, ಇನ್ನೊಂದು ಬೆಳೆ ಆ ಮನೆಯೊಳಗೆ ಕಳೆದರೆ ಆಮೇಲೆ ನನ್ನ ಹತ್ತಿರ ಕರೆದುಕೊಂಡು ಬರಬೇಡಿ ಎಂದರು. ನಾನು ಅವಳನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಮಾಲೂರಿಗೆ ತಂದೆ. ಹಿಪ್ಪುನೇರಳೆ ತೋಟವನ್ನೂ ಹುಳುಮನೆಯನ್ನೂ ಭಾವನ ಅಣ್ಣನ ಮಗ ಮುನಿರಾಜು ಅರ್ಧ ಪಾಲಿನ ವಾರಕ್ಕೆ ಮಾಡತೊಡಗಿದ.

ಅಕ್ಕ ಬಂದಳು, ಆದರೆ ಇರಲಿಲ್ಲ. ಸೀರೆಗಳನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಒಂದೊಂದೇ ಎಳೆದುಕೊಂಡು ಉಟ್ಟು, ಒಗೆದು, ಮಡಿಸಿ, ಮತ್ತೆ ಬ್ಯಾಗಿಗೇ ಇಡುವಳು. ದಿನವಿಡೀ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತ ಕೂರುವಳು. ಮುನಿರಾಜು ಫೋನು ಮಾಡಿ ಇನ್ನು ಮೂರು ವಾರಕ್ಕೆ ಹೊಸ ಹುಳು ಬರುತ್ತದೆ ಎಂದ ದಿನ ಮಾತ್ರ ಮುಖ ಅರಳಿತು. ನಾನೂ ಹೋಗುತ್ತೇನೆ, ಹುಡುಗನಿಗೆ ಒಬ್ಬನಿಗೇ ಆಗುವುದಿಲ್ಲ ಎಂದಳು. ನಾನು ಕೂಗಾಡಿದೆ, ಡಾಕ್ಟರ ಹೆಸರು ಹೇಳಿದೆ, ಊಟ ಬಿಟ್ಟೆ. ಊಟ ಬಿಟ್ಟದ್ದು ಒಂದೇ ಹೊತ್ತು, ಅದೂ ಮುದ್ದೆಯ ದಿನವಲ್ಲ ಎಂದು ಸರಳಾ ಈಗಲೂ ಹಂಗಿಸುತ್ತಾಳೆ.

ಉಪಾಯ ಹೇಳಿದವಳೂ ಸರಳಾನೇ. ಅತ್ತಿಗೆಯ ಕೈಗೆ ಏನಾದರೂ ಕೊಡಿ, ಬಾಯಿಗೆ ಮಾತ್ರೆ ಕೊಟ್ಟು ಏನು ಪ್ರಯೋಜನ ಎಂದಳು. ನಾನು ಫೋನಿನಲ್ಲಿ ಅದು ಇದು ನೋಡುತ್ತ ಗೌಜಲಕ್ಕಿಗೆ ಬಂದು ನಿಂತೆ. ಕೋಳಿಯಾದರೆ ಇಪ್ಪತ್ತೊಂದು ದಿನ, ಗೌಜಲಕ್ಕಿಗೆ ಹದಿನೇಳು ಹದಿನೆಂಟು ದಿನ ಸಾಕು. ಹುಳು ಬರುವುದಕ್ಕೆ ಎರಡು ದಿನ ಮೊದಲೇ ಮರಿ ಬಂದಿರುತ್ತದೆ. ಪಾರಿವಾಳ ಸಾಕಿದವನಲ್ಲ, ಗಿಳಿ ಸಾಕಿದವನಲ್ಲ, ಆದರೂ ಮೊಟ್ಟೆ ತರುವ ಮುಂಚೆಯೇ ಮರಿಗಳಿಗೆ ಗೂಡು ಕೊಂಡುಬಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ಕಾವು ಕೊಡುವ ಪೆಟ್ಟಿಗೆಯನ್ನು ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬ ಕಟ್ಟಿಕೊಟ್ಟ. ಥರ್ಮೊಕೋಲ್ ಪೆಟ್ಟಿಗೆ, ಒಳಗೊಂದು ಬಲ್ಬು, ಅಂಗೈಯಷ್ಟು ಫ್ಯಾನು, ಶಾಖ ಹೆಚ್ಚಾದರೆ ತಾನೇ ಬಲ್ಬು ಆರಿಸುವ ಒಂದು ಯಂತ್ರ, ಮುಚ್ಚಳದಲ್ಲಿ ಗಾಜಿನ ಕಿಟಕಿ, ಪಕ್ಕದಲ್ಲಿ ಗಾಳಿಗೆ ನಾಲ್ಕು ತೂತು. ಮೊಟ್ಟೆಗೆ ಮುಳಬಾಗಿಲು ಬಸ್ಸು ಹತ್ತಿ ಆವನಿಯ ಹತ್ತಿರ ಗೌಜಲಕ್ಕಿ ಸಾಕುವ ಚೌಡಪ್ಪ ಎಂಬುವನ ಬಳಿ ಹೋದೆ. ಅವನು ಒಂದು ಡಬ್ಬದಲ್ಲಿ ರಾಗಿ ಸುರಿದು ಅದರೊಳಗೆ ಮೂವತ್ತು ಮೊಟ್ಟೆ ಹೂತು ಕೊಟ್ಟ. ಹೆಬ್ಬೆರಳ ಗಾತ್ರದ ಮೊಟ್ಟೆಗಳು, ಮೇಲೆಲ್ಲ ಕಂದು ಮಚ್ಚೆ. ಎಲ್ಲ ಹೇಳಿಕೊಟ್ಟು, ಅನುಮಾನ ಬಂದರೆ ಫೋನು ಮಾಡಿ ಸಾರ್ ಎಂದ. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೋಲಾರದ ಮೇಲೆ ಮಾಲೂರಿಗೆ ಬರುವಷ್ಟರಲ್ಲಿ ಮುಚ್ಚಳವನ್ನು ಐದು ಸಲ ತೆಗೆದು ನೋಡಿದೆ. ಐದನೆಯ ಸಲ ಬಸ್ಸು ಹಂಪ್ ಮೇಲೆ ಎಗರಿ ಎರಡು ಮೊಟ್ಟೆ ಹೋದವು. ಉಳಿದದ್ದು ಇಪ್ಪತ್ತೆಂಟು.

ಅಕ್ಕ ಒಂದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಕೌಜು ಪಿಟ್ಟದಾ, ಅಂದರೆ ಗೌಜಲಕ್ಕಿಯದಾ, ಎಂದು ನಮ್ಮೂರ ತೆಲುಗಿನಲ್ಲೇ ಕೇಳಿದಳು. ಚಿಕ್ಕಂದಿನಲ್ಲಿ ರಾಗಿ ಕೊಯ್ಲಿನ ಹೊತ್ತಿಗೆ ಕಾಲಡಿಯಿಂದಲೇ ಬುರ್ರೆಂದು ಏಳುತ್ತಿದ್ದವಲ್ಲ, ಅವೇ ಎಂದುಕೊಂಡಳು. ಇವು ಸಾಕುವ ಜಾತಿ, ಕಾಡಿನವಲ್ಲ ಎಂದೆ. ನಮ್ಮ ಚಿಕ್ಕಪ್ಪ ಕುದುರೆ ಬಾಲದ ಕೂದಲಿನಲ್ಲಿ ಉರುಳು ಹಾಕಿ ಅವನ್ನು ಹಿಡಿಯುತ್ತಿದ್ದ ಕಾಲವದು. ಅಕ್ಕ ಕದ್ದುಹೋಗಿ ಉರುಳು ಸಡಿಲಿಸಿ ಬಿಟ್ಟುಬಿಡುತ್ತಿದ್ದಳು, ಬೈಗುಳ ನಾನು ತಿನ್ನುತ್ತಿದ್ದೆ. ಯಾವುದು ಮುಚ್ಚಿದ್ದರೂ ಬಿಚ್ಚಿದ್ದರೂ ನಮ್ಮ ಮನೆಯಲ್ಲಿ ಅನುಮಾನ ನನ್ನ ಮೇಲೆಯೇ.

ಆ ನೆನಪಿಗೆ ಅವಳಿಗೆ ನಗು ಬಂದಿತ್ತು. ಅದು ಹೋದ ಮೇಲೆ ಅವಳು ಮೊಟ್ಟೆಯನ್ನು ರಾಗಿಯೊಳಗೆ ಇಟ್ಟು ನನ್ನ ಮುಖ ನೋಡಿದಳು.

"ನೀನು ಯಾಕೆ ತಂದೆ ಅಂತ ನಂಗೆ ಗೊತ್ತು ಕಣೋ. ಆಗ್ಲಿ. ಈ ಕೈಯಲ್ಲಿ ಇನ್ನೂ ಜೀವ ಏಳುತ್ತೋ ಇಲ್ವೋ ನೋಡೇಬಿಡ್ತೀನಿ. ಎದ್ರೆ ಇಲ್ಲೇ ಇರ್ತೀನಿ. ಏಳ್ಲಿಲ್ಲ ಅಂದ್ರೆ ನನ್ನನ್ನ ಹಿಡೀಬೇಡ, ನಾನು ಹುಳದ ಹತ್ರಾನೇ ಹೋಗ್ತೀನಿ."

ಅವಳು ಮಾತು ಕೊಟ್ಟರೆ ಮುಗಿಯಿತು. ಇಪ್ಪತ್ತೆಂಟು ಮೊಟ್ಟೆಯ ಮೇಲೆ ಅಕ್ಕನ ಉಸಿರನ್ನು ಪಣಕ್ಕಿಟ್ಟ ಹಾಗಾಯಿತು.

ಮೊದಲ ವಾರ ಅಕ್ಕನದು ಒಂದು ಧ್ಯಾನ, ನನ್ನದು ಒಂದು ಜ್ವರ. ದಿನಕ್ಕೆ ಮೂರು ಸಲ ಮೊಟ್ಟೆಗಳನ್ನು ಮಗ್ಗುಲು ಬದಲಿಸಬೇಕು. ಯಾವುದನ್ನು ತಿರುಗಿಸಿದೆವು ಯಾವುದನ್ನು ಬಿಟ್ಟೆವು ಎಂದು ತಿಳಿಯಲು ಪೆನ್ಸಿಲ್ ಗುರುತು ಹಾಕಿದೆ, ಮಚ್ಚೆಗಳ ನಡುವೆ ಕಾಣಲಿಲ್ಲ. ಅಕ್ಕ ತನ್ನ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಪ್ರತಿಯೊಂದಕ್ಕೂ ಒಂದೊಂದು ಬೊಟ್ಟಿಟ್ಟಳು. ಬೆಳಿಗ್ಗೆ ಬೊಟ್ಟು ಮೇಲೆ, ಮಧ್ಯಾಹ್ನ ಕೆಳಗೆ, ಸಂಜೆ ಮತ್ತೆ ಮೇಲೆ, ಮರುದಿನ ಇದೇ ತಿರುಗುಮುರುಗು. ಅವಳ ಬೆರಳು ಓಡಾಡಿದರೆ ಮೊಟ್ಟೆಗೆ ಗೊತ್ತೇ ಆಗುತ್ತಿರಲಿಲ್ಲವೇನೋ, ಅಷ್ಟು ನಯ. ಕರೆಂಟು ಹೋದರೆ ನಾನು ಮನೆಯೆಲ್ಲ ಓಡಾಡುತ್ತಿದ್ದೆ. ಅವಳು ಗಡಿಬಿಡಿಯಿಲ್ಲದೆ ಬಿಸಿನೀರಿನ ಬಾಟಲಿಗೆ ಟವೆಲ್ಲು ಸುತ್ತಿ ಒಳಗಿಟ್ಟು, ಕರೆಂಟು ಬಂದ ಮೇಲೆ ತೆಗೆಯುತ್ತಿದ್ದಳು. ಯಂತ್ರದಲ್ಲಿ ಮೂವತ್ತೇಳೂವರೆ ಡಿಗ್ರಿ ತೋರಿಸಬೇಕು. ನಾನು ಕಾರ್ಖಾನೆಯಿಂದ ಫೋನು ಮಾಡಿ ಎಷ್ಟಿದೆ ಎಂದು ಕೇಳುವೆ, ಅವಳು ಓದಿ ಹೇಳುವಳು. ಸ್ಟೋರಿನಲ್ಲಿ ಬೋಲ್ಟುಗಳ ಲೆಕ್ಕ ತಪ್ಪುತ್ತಿತ್ತು. ಹತ್ತನೆಯ ದಿನ ಟಾರ್ಚಿನ ಮೇಲೆ ಒಂದು ಮೊಟ್ಟೆ ಇಟ್ಟು ನೋಡಿದಾಗ ಒಳಗೆ ಏನೋ ಕಪ್ಪಗೆ ಅಲುಗಿತು. ಅಕ್ಕ ಆ ಸಂಜೆ ಎರಡು ಮುದ್ದೆ ಉಂಡಳು. ನಾನು ದೇವರ ಪಟಕ್ಕೆ ಕೈ ಮುಗಿಯದವನು, ಹೋಗಿ ಕೈ ಮುಗಿದು ಬಂದೆ.

ಹದಿನೈದನೆಯ ದಿನ ಬೆಳಿಗ್ಗೆ ಚೌಡಪ್ಪ ಹೇಳಿದ್ದಂತೆ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿದೆವು. ಕೆಳಗೆ ಗೋಣಿತುಂಡು ಹಾಸಿ, ಬಟ್ಟಲಿಗೆ ನೀರು ಹೆಚ್ಚಿಸಿ, ಮುಚ್ಚಳ ಹಾಕಿದೆವು. ಇನ್ನು ಮೂರು ದಿನ ಆಕಾಶ ಬಿದ್ದರೂ ಮುಚ್ಚಳ ತೆಗೆಯಕೂಡದು. ತೆಗೆದರೆ ಒಳಗಿನ ಹಸಿ ಆರಿ, ಮೊಟ್ಟೆಯ ಪೊರೆ ಮರಿಯ ಮೈಗೆ ಅಂಟಿಕೊಂಡು ಹೊರಗೆ ಬರಲಾರದೆ ಸಾಯುತ್ತದೆ. ಈ ಮಾತನ್ನು ಚೌಡಪ್ಪ ನನಗೆ ಎರಡು ಸಲ ಹೇಳಿದ್ದ, ನಾನು ಮನೆಯಲ್ಲಿ ಹತ್ತು ಸಲ ಹೇಳಿದೆ. ಹೇಳಿಸಿಕೊಳ್ಳಬೇಕಾದವನು ನಾನೊಬ್ಬನೇ ಎಂದು ಸರಳಾ ಅಂದಳು.

ಅವತ್ತು ಸಂಜೆ ಕೆಲಸದಿಂದ ಬಂದು ಫೋನು ನೋಡುತ್ತ ಕೂತಿದ್ದೆ. ಅಕ್ಕ ಕಾಫಿ ತಂದಿಟ್ಟು, ಇವಕ್ಕೂ ಕತ್ತಲೆ ಕಟ್ಟಬೇಕಲ್ಲವಾ, ನಿನ್ನ ಆವನಿಯವನು ಏನೂ ಹೇಳಲಿಲ್ಲವಾ ಎಂದು ಕೇಳಿದಳು. ನಾನು ಕತ್ತೆತ್ತಲಿಲ್ಲ. ನಿನಗೆ ಗೊತ್ತಿರುವ ಹಾಗೆ ಮಾಡಕ್ಕ, ಮೊಟ್ಟೆ ಅಂದರೆ ಮೊಟ್ಟೆ ಎಂದೆ. ಇದು ನಾನು ಆಡಿದ ಮಾತು. ಇವತ್ತಿಗೂ ಕಾಫಿ ಲೋಟ ಬಾಯಿಗಿಟ್ಟಾಗ ಒಮ್ಮೊಮ್ಮೆ ನೆನಪಾಗುತ್ತದೆ.

ಸ್ವಲ್ಪ ಹೊತ್ತಿಗೆ ನೋಡಿದರೆ ಪೆಟ್ಟಿಗೆಗೆ ಅಡಿಯಿಂದ ಮುಡಿಯವರೆಗೆ ಎರಡು ಪದರ ಕಪ್ಪು ಬಟ್ಟೆ ಸುತ್ತಿ ಸೆಣಬಿನ ಹುರಿಯಲ್ಲಿ ಬಿಗಿದಿತ್ತು. ಹಾಳೆಗಳಿಗೆ ಕಟ್ಟುತ್ತಿದ್ದ ಅದೇ ಬಟ್ಟೆಯನ್ನು ಅಕ್ಕ ಊರಿನಿಂದ ಬ್ಯಾಗಿನಲ್ಲಿ ತಂದಿದ್ದಳು. ನೋಡಿದ ನನಗೆ ಏನನ್ನಿಸಿತು ಗೊತ್ತೇ? ಖುಷಿಯಾಯಿತು. ಗಾಜಿನ ಕಿಟಕಿಯೂ ಮುಚ್ಚಿತು, ಇನ್ನು ನನ್ನ ಚಟಕ್ಕೆ ದಾರಿಯೇ ಇಲ್ಲ, ಅಕ್ಕ ಎಷ್ಟು ಬುದ್ಧಿವಂತೆ ಎಂದುಕೊಂಡು ಮಲಗಿದೆ. ಮಾರನೆಯ ದಿನವೂ ಅದರ ಮುಂದೆ ನಾಲ್ಕು ಸಲ ಓಡಾಡಿದೆ, ಮುಟ್ಟಲಿಲ್ಲ. ನನ್ನ ಸಂಯಮದ ಬಗ್ಗೆ ನನಗೇ ಹೆಮ್ಮೆಯಾಗಿ, ಸ್ಟೋರಿನಲ್ಲಿ ಇಬ್ಬರಿಗೆ ಹೇಳಿಕೊಂಡೂ ಬಂದೆ.

ಹದಿನೇಳನೆಯ ದಿನ ಹನ್ನೊಂದು ಗಂಟೆಗೆ ಚೌಡಪ್ಪನೇ ಫೋನು ಮಾಡಿದ. ಮರಿ ಸದ್ದು ಕೇಳಿಸಿತಾ ಎಂದು ವಿಚಾರಿಸಿದ. ಇಲ್ಲ ಎಂದೆ. ಆಮೇಲೆ ಮಾತಿಗೆ ಮಾತೆಂಬಂತೆ ಹೇಳಿದ.

"ಗಾಳಿ ತೂತು ಎಲ್ಲಾ ತೆಗೆದಿಟ್ಟಿದ್ದೀರ ತಾನೆ ಸಾರ್? ಕೊನೇ ಎರಡು ದಿನ ಮರಿ ಮೊಟ್ಟೆಯೊಳಗೇ ಉಸಿರಾಡೋಕೆ ಶುರು ಮಾಡುತ್ತೆ. ಗಾಳಿ ಸಿಗ್ಲಿಲ್ಲ ಅಂದ್ರೆ ಒಳಗೇ ಹೋಗಿಬಿಡ್ತವೆ."

ಕೈಯಲ್ಲಿದ್ದ ರಿಜಿಸ್ಟರು ಎಲ್ಲಿಟ್ಟೆನೋ ತಿಳಿಯದು. ಮನೆಗೆ ಫೋನು ಮಾಡಿದೆ. ಸರಳಾ ಅಂಗನವಾಡಿಯ ಕೆಲಸದಲ್ಲಿ, ಅಕ್ಕ ಎತ್ತಲಿಲ್ಲ. ಬೈಕು ತೆಗೆದೆ. ಕಾರ್ಖಾನೆಯಿಂದ ಮನೆಗೆ ಹದಿನೈದು ನಿಮಿಷ. ಅವತ್ತು ಮುಂದೊಂದು ಇಟ್ಟಿಗೆ ಲಾರಿ. ಗೂಡಿನಿಂದ ಆಗತಾನೆ ತುಂಬಿಸಿಕೊಂಡು ಬಂದದ್ದು, ಕೆಂಪು ಧೂಳು ಮುಖಕ್ಕೆ ರಾಚುತ್ತಿದೆ, ಪಕ್ಕಕ್ಕೆ ಹೋಗಲು ಜಾಗವಿಲ್ಲ. ಹಾರನ್ ಹೊಡೆದರೆ ಡ್ರೈವರು ಕೈ ಹೊರಗೆ ಹಾಕಿ ತಾಳು ಎನ್ನುತ್ತಾನೆ. ಎರಡು ಹಗಲು ಎರಡು ರಾತ್ರಿಯಾಗುತ್ತ ಬಂತು ಬಟ್ಟೆ ಬಿಗಿದು. ಮುಚ್ಚಿದ್ದನ್ನು ಕಂಡರೆ ಬಿಡದ ನಾನು, ಬಿಚ್ಚಿ ನೋಡಬೇಕಾದ ಒಂದೇ ಒಂದು ಸಲ ಸುಮ್ಮನಿದ್ದೆ. ಒಂದೇ ಒಂದು ಸಲ ಬಟ್ಟೆಯ ತುದಿ ಎತ್ತಿದ್ದರೂ ಸಾಕಿತ್ತು. ನನಗೆ ಅಳು ಬಂತು, ಧೂಳಿನ ನೆಪದಲ್ಲಿ ಅತ್ತೂಬಿಟ್ಟೆ.

ಮನೆಯಲ್ಲಿ ಅಕ್ಕ ಪೆಟ್ಟಿಗೆಯ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ನಾಳೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ಬಿಚ್ಚೋಣ, ಎಲ್ಲ ಒಟ್ಟಿಗೆ ಏಳುತ್ತವೆ ನೋಡುತ್ತಿರು ಎಂದಳು. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಕಳೆಯಿತ್ತು. ನನಗೆ ನಿಜ ಹೇಳಲಾಗಲಿಲ್ಲ. ಹೇಳಿದರೆ, ನನ್ನ ಕೈಯೇ ಕೊಂದಿತು ಎಂದು ಅವಳು ಎದ್ದು ಬ್ಯಾಗು ಹಿಡಿಯುತ್ತಾಳೆ. ಹೇಳದೆ ಬಟ್ಟೆಯನ್ನು ಹಾಗೇ ಬಿಟ್ಟರೆ ಉಳಿದಿರುವುದೂ ಸಾಯುತ್ತದೆ, ಆಗಲೂ ಬ್ಯಾಗು ಹಿಡಿಯುತ್ತಾಳೆ. ಅತ್ತ ದರಿ ಇತ್ತ ಪುಲಿ. ಈ ಜಾತಿಗೆ ಒಂದು ದಿನ ಮುಂಚೆಯೇ ಬೆಳಕು ಕೊಡಬೇಕಂತೆ, ಚೌಡಪ್ಪ ಈಗ ಹೇಳಿದ ಎಂದು ಸುಳ್ಳು ಹೇಳಿ ಹುರಿಯ ಗಂಟಿಗೆ ಕೈ ಹಾಕಿದೆ. ಅವಳ ಗಂಟು ನನ್ನ ಉಗುರಿಗೆ ಬಗ್ಗಲಿಲ್ಲ, ಕೊನೆಗೆ ಅವಳೇ ಬಿಚ್ಚಿದಳು.

ಗಾಜಿನ ಒಳಗೆಲ್ಲ ನೀರ ಹನಿ. ಬಲ್ಬಿನ ಬೆಳಕಿನಲ್ಲಿ ಇಪ್ಪತ್ತೆಂಟು ಮೊಟ್ಟೆ, ಸುಣ್ಣದ ಬೊಟ್ಟು ಹೊತ್ತು, ಇಟ್ಟದ್ದು ಇಟ್ಟ ಹಾಗೆ. ಒಂದು ಬಿರುಕಿಲ್ಲ, ಒಂದು ಸದ್ದಿಲ್ಲ. ಮುಚ್ಚಳ ತೆಗೆದು ಗಾಳಿ ಕೊಡೋಣವೆಂದರೆ ಹಸಿ ಆರುವ ಭಯ. ತೂತುಗಳ ಹತ್ತಿರ ಕೈಯಿಟ್ಟು ಗಾಳಿ ಆಡುತ್ತದೆಯೇ ನೋಡಿದೆ. ಫ್ಯಾನು ತಿರುಗುತ್ತಿತ್ತು, ಅದೊಂದೇ ಸಮಾಧಾನ. ಇಬ್ಬರೂ ಕೂತೆವು. ಊಟ ಬೇಡವಾಯಿತು. ಮಧ್ಯಾಹ್ನ ಸರಳಾ ಬಂದವಳು ನನ್ನ ಮುಖ ನೋಡಿ ಅಕ್ಕನ ಇನ್ನೊಂದು ಪಕ್ಕಕ್ಕೆ ಕೂತಳು. ಅಕ್ಕನ ಎದೆಯ ಸಿಳ್ಳೆ ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ನಾನು ಕಾಯುತ್ತಿದ್ದದ್ದು ಒಂದು ಸಣ್ಣ ಚಿಯ್ ಸದ್ದಿಗೆ, ಆದರೆ ಕಿವಿಗೆ ಬೀಳುತ್ತಿದ್ದದ್ದು ಆ ಸಿಳ್ಳೆ. ಸಂಜೆಯಾಯಿತು, ಏನೂ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಹಾಲು ತರಲು ಹೋದವನು ಬರುವಾಗ ಸರಳಾ ಬಾಗಿಲಲ್ಲೇ ನಿಂತು ಬೆರಳನ್ನು ತುಟಿಗಿಟ್ಟು ಕರೆದಳು. ಒಳಗೆ ಅಕ್ಕ ಗಾಜಿಗೆ ಹಣೆ ಹಚ್ಚಿಕೊಂಡಿದ್ದಾಳೆ. ಒಂದು ಮೊಟ್ಟೆಯ ದಪ್ಪ ತುದಿಯಲ್ಲಿ ರಾಗಿ ಕಾಳಿನಷ್ಟು ಚಕ್ಕೆ ಎದ್ದಿದೆ. ಅದರೊಳಗೆ ಏನೋ ಮಿಡಿಯುತ್ತಿದೆ. ನಿಲ್ಲುತ್ತದೆ. ನಿಂತೇ ಇರುತ್ತದೆ. ನಾವು ಮೂವರೂ ಉಸಿರು ಹಿಡಿಯುತ್ತೇವೆ. ಮತ್ತೆ ಮಿಡಿಯುತ್ತದೆ. ಹೀಗೆ ಒಂದು ಗಂಟೆ. ಆಮೇಲೆ ಚಕ್ಕೆ ಸುತ್ತಲೂ ಕತ್ತರಿಸಿಕೊಂಡು ಬಂದು, ಮೊಟ್ಟೆ ಟೋಪಿಯಂತೆ ತೆರೆದು, ಒದ್ದೆಯಾದ ಏನೋ ಒಂದು ಗೋಣಿಯ ಮೇಲೆ ಬಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಬಿದ್ದದ್ದು ಅಲುಗಲಿಲ್ಲ. ಸರಳಾ ನನ್ನ ತೋಳು ಹಿಡಿದಳು. ಅರೆನಿಮಿಷ ಕಳೆದು ಅದು ಕತ್ತೆತ್ತಿ, ತೂರಾಡಿ, ಚಿಯ್ ಎಂದಿತು. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಸದ್ದು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಅವತ್ತು ಸಾಯಂಕಾಲದೊಳಗೆ ಒಂಬತ್ತು ಎದ್ದವು. ಹತ್ತನೆಯದು ಚಕ್ಕೆ ಎಬ್ಬಿಸಿ ಅಲ್ಲಿಗೇ ನಿಂತುಹೋಯಿತು. ಮೈ ಆರಿದ ಮೇಲೆ ಒಂಬತ್ತನ್ನೂ ಬಲ್ಬು ಹಾಕಿದ ರಟ್ಟಿನ ಪೆಟ್ಟಿಗೆಗೆ ಬಿಟ್ಟು, ನೀರಲ್ಲಿ ಮುಳುಗದಂತೆ ಬಟ್ಟಲಿಗೆ ಬೆಣಚುಕಲ್ಲು ತುಂಬಿದೆವು. ಅಕ್ಕ ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು, ಇದರ ತೂಕವೇ ಗೊತ್ತಾಗುತ್ತಿಲ್ಲವಲ್ಲೋ ಎಂದಳು. ಮಿಕ್ಕವು ನಾಳೆ ಏಳಬಹುದು ಎಂದೂ ಅಂದಳು. ನಾನು ಹೂಂ ಅಂದೆ.

ಇನ್ನೊಂದು ದಿನ ಕಾದೆವು. ಎದ್ದಿಲ್ಲದ ಹತ್ತೊಂಬತ್ತನ್ನು ಒಡೆದು ನೋಡಿ, ಯಾಕೆ ಹೋದವೆಂದು ತಿಳಿಯುತ್ತದೆ ಎಂದು ಚೌಡಪ್ಪ ಹೇಳಿದ. ಅಕ್ಕ ಸ್ನಾನಕ್ಕೆ ಹೋದಾಗ ಹಿತ್ತಿಲಿಗೆ ಒಯ್ದೆ. ಐದು ಬರೀ ನೀರು. ಹದಿನಾಲ್ಕರಲ್ಲಿ ಕೊಕ್ಕು, ಉಗುರು, ರೆಕ್ಕೆ ಎಲ್ಲವೂ ಆಗಿದ್ದ ಮರಿಗಳು. ತಲೆಯನ್ನು ರೆಕ್ಕೆಯ ಕೆಳಗಿಟ್ಟುಕೊಂಡು, ಏಳಲು ಸಿದ್ಧವಾಗಿ ಹಾಗೇ ಇದ್ದವು. ಒಬ್ಬ ಗಂಡಸು ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಅಳುವುದನ್ನು ಪಕ್ಕದ ಮನೆಯವರು ನೋಡಿದರೋ ಏನೋ. ನುಗ್ಗೆ ಮರದ ಬುಡದಲ್ಲಿ ಸಲಿಕೆಯಿಂದ ಗುಂಡಿ ತೋಡಿ ಮುಚ್ಚಿ, ಕೈ ತೊಳೆದುಕೊಂಡು ಒಳಗೆ ಬಂದೆ. ಏನಾಗಿತ್ತು ಎಂದು ಅಕ್ಕ ಕೇಳಿದಳು. ಮರಿ ಕಟ್ಟದ ಮೊಟ್ಟೆಗಳು ಅಕ್ಕ, ಎಲ್ಲಾ ಬರೀ ನೀರು ಎಂದೆ. ಅವಳು ತಲೆ ಒರೆಸಿಕೊಳ್ಳುತ್ತ ಸರಿ ಎಂದಳು.

ಮುನಿರಾಜುವಿನ ಹುಳು ಬರುವುದು ಮಾರನೆಯ ದಿನ. ಒಂಬತ್ತು ಮರಿ ಎದ್ದಿವೆ, ಮಾತಿನ ಪ್ರಕಾರ ಅವಳು ಇಲ್ಲೇ ಇರಬೇಕು. ಆದರೆ ಮಧ್ಯಾಹ್ನ ನೋಡಿದರೆ ಅಕ್ಕ ಮಂಚದ ಮೇಲೆ ಬ್ಯಾಗು ಇಟ್ಟುಕೊಂಡು ಸೀರೆಗಳನ್ನೆಲ್ಲ ಹೊರಗೆ ಹರಡಿದ್ದಾಳೆ. ಬ್ಯಾಗಿಗೆ ಸರಿಯಾಗಿ ಜೋಡಿಸುತ್ತಿದ್ದಾಳೆ ಎಂದುಕೊಂಡೆ. ಹೊಸ್ತಿಲಲ್ಲೇ ನಿಂತು, ಒಂಬತ್ತು ಎದ್ದವಲ್ಲಕ್ಕ, ಮಾತು ಕೊಟ್ಟಿದ್ದೆಯಲ್ಲ ಎಂದೆ. ಅವಳು ಒಂದು ಸೀರೆಯ ಅಂಚು ಸರಿಮಾಡುತ್ತ ತಲೆ ಎತ್ತದೆ ಹೇಳಿದಳು.

"ಬಚ್ಚಲ ಕಿಟಕಿಯಿಂದ ನುಗ್ಗೆ ಮರ ಕಾಣುತ್ತೆ ಕಣೋ. ನೀರಿಗೆ ಯಾರಾದ್ರೂ ಗುಂಡಿ ತೋಡ್ತಾರಾ?"

ನನ್ನ ಕಣ್ಣು ಬಚ್ಚಲ ಕಡೆ ಹೋಯಿತು.

"ಉಸಿರು ಸಿಗ್ದೆ ಹೋದವು. ನೀನು ಧೂಳು ಮುಖದಲ್ಲಿ ಓಡಿ ಬಂದಾಗ್ಲೇ ತಿಳೀತು. ಅದು ಹೆಂಗಿರುತ್ತೆ ಅಂತ ನಂಗೆ ಗೊತ್ತಿಲ್ವಾ?"

ತಪ್ಪು ನನ್ನದು, ನೀನು ಕೇಳಿದೆ, ನಾನು ಫೋನು ನೋಡುತ್ತ ಗೊತ್ತಿರುವ ಹಾಗೆ ಮಾಡು ಅಂದೆ ಎಂದು ಹೇಳಿದೆ. ಹೇಳುತ್ತ ಹೇಳುತ್ತ ಅವಳ ಕಾಲ ಬಳಿಯೇ ಕೂತುಬಿಟ್ಟೆ. ಅವಳು ನನ್ನ ತಲೆಯ ಮೇಲೆ ಕೈಯಿಡಲಿಲ್ಲ, ಬೈಯಲೂ ಇಲ್ಲ. ಬಹಳ ಹೊತ್ತು ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡಳು. ಹದಿನಾಲ್ಕು, ಅಲ್ಲವಾ ಎಂದು ಕೇಳಿದಳು. ಅವಳು ಕಿಟಕಿಯಿಂದ ಎಣಿಸಿದ್ದಳು. ಹೌದು ಎಂದೆ.

ಆಮೇಲೆ ಎದ್ದು, ಸೀರೆಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಬೀರುವಿನೊಳಗೆ ಇಡತೊಡಗಿದಳು. ಅಷ್ಟು ತಿಂಗಳಿಂದ ಖಾಲಿ ಇದ್ದ ಬೀರು. ಎಲ್ಲ ಇಟ್ಟು ಮುಗಿಸಿ, ಮುನಿರಾಜುವಿಗೆ ಫೋನು ಹಾಕಿಸಿ, ಹುಳು ನೀನೇ ನೋಡಿಕೋ, ನಾನು ಬರುವುದಿಲ್ಲ ಎಂದು ಚುಟುಕಾಗಿ ಹೇಳಿದಳು. ಅವನು ಯಾಕೆ ಎಂದು ಕೇಳಿರಬೇಕು. ಇಲ್ಲಿ ಹದಿನಾಲ್ಕು ಜೀವದ ಬಾಕಿಯಿದೆ, ತೀರಿಸಬೇಕು ಎಂದಳು.

ನಂತರ ಆವನಿಯವನಿಗೆ ಹಾಕು ಎಂದಳು. ಹಾಕಿಕೊಟ್ಟೆ. ಚೌಡಪ್ಪ ಆ ಕಡೆಯಿಂದ ಹೇಳಮ್ಮ ಎಂದದ್ದು ನನಗೂ ಕೇಳಿಸಿತು. ಊರಿನ ಅರ್ಧ ಮನೆಗಳ ಹಾಳೆಗಳಿಗೆ ಕತ್ತಲೆ ಕಟ್ಟಿದ ನಮ್ಮ ಲಕ್ಷ್ಮಕ್ಕ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಒಂದು ಸಲ ಉಸಿರು ಎಳೆದುಕೊಂಡು ಹೇಳಿದಳು.

"ನಂಗೇನೂ ಗೊತ್ತಿಲ್ಲಪ್ಪ. ಮೊದಲಿಂದ ಹೇಳು."